ದಾರಿ ತಪ್ಪಿದರೆ ಏನು ಮಾಡುತ್ತೀಯ?

ಅಣ್ಣ ತನ್ನನ್ನು ‘ಮೇಡಂ’ ಎಂದು ಕರೆದದ್ದರಿಂದ ಅವಮಾನವಾಯಿತೋ ನೆಮ್ಮದಿಯಾಯಿತೋ, ಮೆಟ್ಟಿಲು ಹತ್ತಿ ಮುಗಿದರೂ ಅವಳಿಗೆ ತಿಳಿಯಲಿಲ್ಲ. ಕಚೇರಿಯ ಗೇಟಿನ ಬಳಿ ಅವನು ಮಗಳ ಕೈ ಹಿಡಿದುಕೊಂಡು, ಒಗೆದು ಮಡಿಸಿಟ್ಟ ಮಡಿಕೆ ಇನ್ನೂ ಬಿಡದ ಅಂಗಿ ತೊಟ್ಟು, ವಾಚ್‌ಮನ್ ಎದುರಿಗೆ ಎರಡೂ ಕಾಲು ಜೋಡಿಸಿ ನಿಂತಿದ್ದ. ಅವಳನ್ನು ಕಂಡೊಡನೆ ಕಣ್ಣಲ್ಲಿ ಬಂದ ನಗುವನ್ನು ಅಲ್ಲೇ ನುಂಗಿ, “ನಮಸ್ಕಾರ ಮೇಡಂ, ಪರೀಕ್ಷೆ ಮಾಡೋ ರೂಮು ಎಲ್ಲಿ ಬರುತ್ತೆ?” ಎಂದ. ಮಳೆಗಾಲದಲ್ಲಿ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾಲೆ ದಾಟಿಸುತ್ತಿದ್ದ ಅಣ್ಣ. “ಮಹಡಿ ಮೇಲೆ, ಎಡಗಡೆ” ಎಂದಳು ಅವಳು. ಹೇಳಿ ನಾಲ್ಕು ಹೆಜ್ಜೆ ನಡೆದ ಮೇಲೆ ಹೊಳೆಯಿತು, ನಾಟಕ ಶುರುಮಾಡಿದವನು ಅವನಾದರೂ ಅದಕ್ಕೆ ತಕ್ಕ ಮಾತು ಒಪ್ಪಿಸಿದವಳು ತಾನು ಎಂದು. ಹಿಂದಿರುಗಿ ವಾಚ್‌ಮನ್‌ಗೆ ‘ಇವರು ನಮ್ಮಣ್ಣ’ ಎಂದು ಹೇಳಬಹುದಿತ್ತು. ಹೇಳಿದರೆ ತಲೆ ಹೋಗುತ್ತಿರಲಿಲ್ಲ. ಆದರೆ ಹೇಳದೆ ಉಳಿದ ಒಂದೊಂದು ಕ್ಷಣವೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತಿತ್ತು. ಅವಳು ತನ್ನ ಕೋಣೆಯ ಬಾಗಿಲು ತೆಗೆದು, ಫ್ಯಾನು ಹಾಕಿ, ಮಕ್ಕಳ ಮೇಜಿನ ಮೇಲೆ ಬಣ್ಣದ ತುಂಡುಗಳ ಪೆಟ್ಟಿಗೆಯನ್ನು ಎಂದಿನ ಜಾಗದಲ್ಲಿ ಇಟ್ಟು ಕುಳಿತಳು.

ಒಂದನೇ ಕ್ಲಾಸಿಗೆ ಸೇರುವ ಮುಂಚೆ ಊರಿನ ಪ್ರತಿ ಮಗುವೂ ಈ ಮೇಜಿನ ಮುಂದೆ ಕೂರಬೇಕು. ಚಿತ್ರ ತೋರಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ, ತುಂಡು ಜೋಡಿಸಲು ಹೇಳುತ್ತಾರೆ. ಬಂದ ಅಂಕ ಗೆರೆಯ ಮೇಲಿದ್ದರೆ ಮಾಮೂಲಿ ಶಾಲೆ, ಕೆಳಗಿದ್ದರೆ ‘ಬೇರೆ ಶಾಲೆ’. ಬಾಗಿಲ ಮೇಲಿನ ಬೋರ್ಡಿನಲ್ಲಿ ಏನೇ ಬರೆದಿರಲಿ, ಜನ ಅದನ್ನು ಕರೆಯುತ್ತಿದ್ದುದೇ ಹಾಗೆ. ಗಾಜಿನ ಕಾರ್ಖಾನೆಯ ಕುಲುಮೆ ಕೆಲಸಕ್ಕೆಂದು ಎಂದೋ ಬಂದು ನಾಲೆಯಾಚೆ ನೆಲೆನಿಂತವರ ಮಕ್ಕಳಲ್ಲಿ ಹೆಚ್ಚಿನವರು ಬೇರೆ ಶಾಲೆಗೇ ಹೋಗುತ್ತಿದ್ದರು. ಅಣ್ಣನೂ ಅಲ್ಲಿಗೇ ಹೋಗಿದ್ದ. ಅವಳು ಹೋಗಿರಲಿಲ್ಲ. ಒಂದೇ ಬೆಳಿಗ್ಗೆ, ಒಂದೇ ಬೆಂಚಿನ ಮೇಲೆ ಕೂತಿದ್ದ ಇಬ್ಬರಲ್ಲಿ — ಅವನಿಗೆ ಹುಷಾರಿಲ್ಲದೆ ಒಂದು ವರ್ಷ ತಡವಾಗಿತ್ತು, ಅವಳನ್ನು ಒಂದು ವರ್ಷ ಮುಂಚೆಯೇ ಕರೆತಂದಿದ್ದರು — ಮೊದಲು ಒಳಗೆ ಹೋದವನು ಅಣ್ಣ. ಅವನು ಹೊರಗೆ ಬಂದಾಗ ಕಿವಿ ಕೆಂಪಾಗಿತ್ತು. “ಬಾಗಿಲು ತೋರಿಸ್ತಾರೆ ಕಣೇ. ಬಾಗಿಲು ಸರಿಯಾಗೇ ಇದೆ. ಇದರಲ್ಲಿ ಏನು ಇಲ್ಲ, ಏನು ಇಲ್ಲ ಅಂತಾನೇ ಕೇಳ್ತಾರೆ” ಎಂದು ಪಿಸುಗುಟ್ಟಿದ್ದ. ಅವಳು ಒಳಗೆ ಹೋಗಿ ಚಿತ್ರ ನೋಡಿದೊಡನೆ “ಚಿಲಕ ಇಲ್ಲ” ಎಂದಿದ್ದಳು. ಅಮ್ಮ ಪಾತ್ರೆ ತೊಳೆಯಲು ಹೋಗುತ್ತಿದ್ದ ನಾಲೆಯೀಚೆಯ ಮನೆಯ ಹಿತ್ತಿಲ ಬಾಗಿಲಿಗೆ ಚಿಲಕವಿತ್ತು. ಅಮ್ಮನ ಕೆಲಸ ಮುಗಿಯುವ ತನಕ ಅದನ್ನು ಹಾಕಿ ತೆಗೆದು, ಹಾಕಿ ತೆಗೆದು ಆಡುವುದೇ ಅವಳ ಆಟ. ಅಣ್ಣ ಗಂಡುಹುಡುಗನಾದ್ದರಿಂದ ಅಮ್ಮನ ಜೊತೆ ಹೋದವನೇ ಅಲ್ಲ. ನಾಲೆಯಾಚೆಯ ಮನೆಗಳಿಗೆ ಬಾಗಿಲಿದ್ದರೂ ಚಿಲಕವಿರಲಿಲ್ಲ. ಮನೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು.

ಅಷ್ಟಕ್ಕೇ ಅಲ್ಲವೇನೋ ಎಂದೂ ಅವಳಿಗೆ ಅನ್ನಿಸುವುದಿತ್ತು. ಒಂದು ಚಿಲಕದಿಂದ ಒಬ್ಬಳು ಪರೀಕ್ಷಕಿಯಾಗಿ ಇನ್ನೊಬ್ಬ ಗಾಜಿನ ಲೋಟಗಳಿಗೆ ಹುಲ್ಲು ಸುತ್ತುವವನಾಗುತ್ತಾನೆಯೇ? ಪ್ರತಿ ವರ್ಷ ನಿರ್ದೇಶಕರು ಸಭೆಯಲ್ಲಿ ಮಕ್ಕಳ ಅಂಕಗಳ ಒಂದು ನಕ್ಷೆ ತೋರಿಸುತ್ತಿದ್ದರು. ಪಕ್ಕಪಕ್ಕದಲ್ಲಿ ಗುಡ್ಡದ ಹಾಗೆ ಎದ್ದು ಇಳಿಯುವ ಎರಡು ಗೆರೆ. ಬಲಗಡೆಯದು ಊರಿನದು, ಎಡಗಡೆಯದು ನಾಲೆಯಾಚೆಯದು. “ನೋಡಿ, ಗುಡ್ಡಗಳು ಒಂದರ ಮೇಲೊಂದು ಬೀಳ್ತವೆ. ಗುಂಪಿನ ಸರಾಸರಿಯಿಂದ ಒಬ್ಬ ವ್ಯಕ್ತಿಯ ಬಗ್ಗೆ ಏನೂ ಹೇಳೋಕಾಗಲ್ಲ” ಎಂದು ಅವರು ಯಾವಾಗಲೂ ಸಜ್ಜನಿಕೆಯಿಂದ ಹೇಳುತ್ತಿದ್ದರು. ಹೇಳಿ, ಎಡಗುಡ್ಡದ ಬಲತುದಿ ನೆಲಕ್ಕೆ ತಾಗುವ ಕಡೆ ಕೋಲಿಟ್ಟು, “ನಮ್ಮ ಮೇಡಂ ಅವರೇ ಇದ್ದಾರಲ್ಲ” ಎನ್ನುತ್ತಿದ್ದರು. ಎಲ್ಲರೂ ತಿರುಗಿ ಅವಳನ್ನು ನೋಡಿ ಮುಗುಳ್ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆಮೇಲೆ ವಾರಗಟ್ಟಲೆ, ಬಸ್ಸಿನಲ್ಲಿ ಚಿಲ್ಲರೆ ಲೆಕ್ಕ ತಪ್ಪಿದರೆ, ಮಾತಿನ ನಡುವೆ ಒಂದು ಪದ ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟರೆ, ಎಡಗಡೆಯ ಗುಡ್ಡ ತನ್ನನ್ನು ಸೆರಗು ಹಿಡಿದು ಹಿಂದಕ್ಕೆ ಜಗ್ಗುತ್ತಿದೆ ಅನ್ನಿಸುತ್ತಿತ್ತು. ಬೇರೆಯವರು ಮರೆತರೆ ಅದು ಮರೆವು. ಅವಳು ಮರೆತರೆ ಅದು ಪುರಾವೆ.

ಬಾಗಿಲು ಸರಿದು ಅಣ್ಣನ ಹುಡುಗಿ ಒಳಗೆ ಬಂತು. ಮನೆಯಲ್ಲಿ ಅದನ್ನು ‘ಅರಳು’ ಎಂದೇ ಕರೆಯುತ್ತಿದ್ದರು. ಬಾಯಿ ತೆಗೆದರೆ ಅರಳು ಹುರಿದ ಹಾಗೆ ಮಾತು. ಕಳೆದ ಸಲ ತಾನು ಅಣ್ಣನ ಮನೆಗೆ ಹೋದಾಗ ಅದು ಅತ್ತೆಯಾದ ತನ್ನ ಚಪ್ಪಲಿಯೊಳಗೆ ಕಾಲಿಟ್ಟುಕೊಂಡು, ಆ ಬೀದಿಯ ಎಲ್ಲ ನಾಯಿಗಳ ಸ್ವಭಾವವನ್ನೂ ಒಂದೊಂದಾಗಿ ವರ್ಣಿಸಿ, ಯಾವುದು ಯಾರಿಗೆ ಹೆದರುತ್ತದೆ, ಯಾವುದು ಸುಮ್ಮನೆ ಹೆದರಿದ ಹಾಗೆ ನಟಿಸುತ್ತದೆ ಎಂದು ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿತ್ತು. ಈಗ ಕುರ್ಚಿಯ ತುದಿಯಲ್ಲಿ ಕೂತು, ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಿತ್ತು. ಬೇರೆಯವರ ಮನೆಗೆ ಹೋದರೆ ಸಾಮಾನು ಮುಟ್ಟಬಾರದೆಂದು ಹೇಳಿ ಕಳಿಸಿರಬೇಕು. “ಜೋಡಿಸು ಪುಟ್ಟ” ಎಂದು ತುಂಡುಗಳನ್ನು ಮುಂದಕ್ಕೆ ತಳ್ಳಿದರೆ, “ಮುಟ್ಟಬಹುದಾ?” ಎಂದು ಕೇಳಿತು. ಗಡಿಯಾರ ಆಗಲೇ ಓಡುತ್ತಿತ್ತು. ಪ್ರತಿ ತುಂಡಿಗೂ ಮುಖ ನೋಡಿ, ಮುಟ್ಟಲೋ ಬೇಡವೋ ಎಂದು ಕೇಳಿ, ಕೊನೆಗೂ ಸರಿಯಾಗಿ ಜೋಡಿಸಿ ಕೈ ತೆಗೆಯುವಷ್ಟರಲ್ಲಿ ಸಮಯ ಮುಗಿದುಹೋಗಿತ್ತು. ಹೊತ್ತು ಮೀರಿದ ಮೇಲೆ ಸರಿಯಾದದ್ದಕ್ಕೆ ಅಂಕವಿಲ್ಲ.

“ಕುರ್ಚಿಗೂ ಮಂಚಕ್ಕೂ ಏನು ಹೋಲಿಕೆ?” ಹುಡುಗಿ ಯೋಚಿಸಿತು. “ಎರಡೂ ಮೂಲೆಮನೆಯವರ ಹತ್ರ ಇವೆ” ಎಂದಿತು. ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಕೋಪ ಬಂತು. ಪೀಠೋಪಕರಣ ಎನ್ನದಿದ್ದರೆ ಬೇಡ, ಕೂರೋದಕ್ಕೆ ಅಂತಾದರೂ ಅನ್ನೇ, ಎಂದು ಮನಸ್ಸಿನೊಳಗೇ ಹುಡುಗಿಯನ್ನು ಜಬರಿಸಿದಳು. ಬಾಗಿಲಿನ ಚಿತ್ರ ಬಂತು. ಇಷ್ಟು ವರ್ಷವಾದರೂ ಅದೇ ಬಾಗಿಲು, ಬಣ್ಣ ಮಾತ್ರ ಹೊಸದು. “ಇದರಲ್ಲಿ ಏನು ಇಲ್ಲ, ನೋಡಿ ಹೇಳು.” ಹುಡುಗಿ ಚಿತ್ರದ ಹತ್ತಿರಕ್ಕೆ ಮೂಗು ತಂದು ನೋಡಿ, “ಯಾರೂ ಇಲ್ಲ” ಎಂದಿತು. ಅವಳ ಕೈ ಮೇಜಿನ ಕೆಳಗೆ ಮುಷ್ಟಿಯಾಯಿತು. ಹೇಳು, ಹೇಳೇ. ಅಂದು ಬೆಂಚಿನ ಬಳಿಗೆ ಅಣ್ಣ ಕಿವಿ ಕೆಂಪಗೆ ಮಾಡಿಕೊಂಡು ಬಂದಾಗಲೂ ತನಗೆ ಮೊದಲು ಬಂದದ್ದು ಮರುಕವಲ್ಲ, ಇದೇ ಸಿಟ್ಟು. ಇಷ್ಟೂ ಗೊತ್ತಾಗಲ್ವಾ ನಿಂಗೆ? ಆ ಸಿಟ್ಟಿನ ಅಡಿಯಲ್ಲಿ ಇನ್ನೊಂದಿತ್ತು. ಅದನ್ನು ನೋಡಲು ಅವಳಿಗೆ ಧೈರ್ಯ ಸಾಲದು. ಎಡಗುಡ್ಡದ ಆ ತುದಿಯಲ್ಲಿ ತಾನೊಬ್ಬಳೇ ನಿಂತಿದ್ದೇನೆ ಎಂಬ, ಯಾರ ಹತ್ತಿರವೂ ಬಾಯಿಬಿಡಲಾರದ, ಒಂದು ತಣ್ಣನೆಯ ಸುಖ.

“ಸಂತೆಯಲ್ಲೋ ರಸ್ತೆಯಲ್ಲೋ ದಾರಿ ತಪ್ಪಿದರೆ ಏನು ಮಾಡುತ್ತೀಯ?”

“ಅಲ್ಲೇ ನಿಂತ್ಕೋತೀನಿ.”

“ಆಮೇಲೆ?”

“ಅಲ್ಲೇ. ನಾನೂ ನಡೆದ್ಬಿಟ್ರೆ ಅಪ್ಪನಿಗೆ ಹೇಗೆ ಸಿಗ್ತೀನಿ? ಅಪ್ಪ ಹುಡುಕ್ತಾ ಬರ್ತಾನಲ್ಲ.” ಮೊದಲ ಬಾರಿಗೆ ಹುಡುಗಿಯ ದನಿಗೆ ಮನೆಯ ದನಿ ಬಂದಿತ್ತು. ಇಷ್ಟು ದೊಡ್ಡವಳಾದ ಅತ್ತೆಗೆ ಇದೂ ಗೊತ್ತಿಲ್ಲವೇ ಎಂಬ ಹಾಗೆ.

ಪೊಲೀಸರನ್ನು ಕೇಳುತ್ತೇನೆ, ಅಂಗಡಿಯವರನ್ನು ಕೇಳುತ್ತೇನೆ, ಮನೆಯ ವಿಳಾಸ ಹೇಳುತ್ತೇನೆ: ಇವಕ್ಕೆ ಪೂರ್ತಿ ಅಂಕ. ಅಳುತ್ತೇನೆ, ನಿಂತುಕೊಳ್ಳುತ್ತೇನೆ, ಕಾಯುತ್ತೇನೆ: ಇವಕ್ಕೆ ಸೊನ್ನೆ. ಕೈಪಿಡಿಯ ಆ ಪುಟ ಅವಳಿಗೆ ಬಾಯಿಪಾಠ. ನಾಲೆಯಾಚೆಯ ಬೀದಿಗಳಿಗೆ ಹೆಸರಿಲ್ಲ, ಮನೆಗಳಿಗೆ ನಂಬರಿಲ್ಲ, ಪೊಲೀಸಿನವನು ಬಂದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಅದೂ ಬಾಯಿಪಾಠ. ಎರಡು ಬಾಯಿಪಾಠಗಳೂ ಇಷ್ಟು ವರ್ಷ ಒಂದನ್ನೊಂದು ಮುಟ್ಟದೆ ಅವಳೊಳಗೆ ಬದುಕಿದ್ದವು. ಇವತ್ತು ಯಾಕೋ, ಜನಜಂಗುಳಿಯ ನಡುವೆ ಒಂದು ಪುಟ್ಟ ಆಕಾರ ಕೈ ಕಟ್ಟಿಕೊಂಡು ನಿಂತಿರುವುದು, ದೂರದಿಂದ ಅಣ್ಣ ತಲೆಗಳ ಮೇಲಿಂದ ಕತ್ತು ಉದ್ದ ಮಾಡುತ್ತ ಬರುವುದು ಕಣ್ಣಿಗೆ ಕಟ್ಟಿತು. ಇದು ಸರಿ ಎಂದುಕೊಂಡಳು. ದಯೆಯಿಂದಲ್ಲ. ಸುಮ್ಮನೆ, ಇದು ಸರಿಯಾದ ಉತ್ತರ. ಪೂರ್ತಿ ಅಂಕ ಹಾಕಿದಳು. ಹಾಕಿದ ಮೇಲೆ ಹಿಂದಿನ ಒಂದೆರಡು ಉತ್ತರಗಳಿಗೂ ಹಿಂತಿರುಗಿ ಅರ್ಧರ್ಧ ಕೊಟ್ಟಳು. ಕೂಡಿದಾಗ ಅರಳು ಗೆರೆಯನ್ನು ಒಂದು ಕೂದಲೆಳೆಯಷ್ಟು ದಾಟಿತ್ತು.

ಪರೀಕ್ಷೆ ಮುಗಿದು ಬಾಗಿಲು ತೆಗೆದಾಗ ಹೊರಗೆ ಅಣ್ಣ ನಿಂತೇ ಇದ್ದ. ಬೆಂಚು ಖಾಲಿ ಇತ್ತು. ಕೂರಿ ಎಂದು ಯಾರೂ ಹೇಳದಿದ್ದರೆ ಅವನು ಕೂರುವವನಲ್ಲ. ಪಕ್ಕದ ಕೋಣೆಯ ಕಿರಿಯ ಪರೀಕ್ಷಕಿ ನೀರಿನ ಬಾಟಲಿ ತುಂಬಿಸಿಕೊಂಡು ಬರುತ್ತಿದ್ದಳು. ಹುಡುಗಿಗೆ ತನ್ನ ಬಾಯಿ ವಾಪಸು ಸಿಕ್ಕಿತ್ತು. “ಅತ್ತೇ, ಭಾನುವಾರ ಮನೆಗೆ ಬರ್ತೀಯಾ? ಕರಿನಾಯಿ ಮರಿ ಹಾಕಿದೆ!” ಎಂದು ಹಜಾರವೆಲ್ಲ ಕೇಳುವ ಹಾಗೆ ಕೂಗಿತು. ಅಣ್ಣ ಅದರ ಭುಜ ಅದುಮಿ, “ಮೇಡಂ ಅನ್ನು” ಎಂದು ಗದರಿದ. ಗದರಿದ್ದರಿಂದಲೇ ಎಲ್ಲ ಸ್ಪಷ್ಟವಾಯಿತು. ಕಿರಿಯಳು ಅಣ್ಣನ ಮುಖ ನೋಡಿ, ಇವಳ ಮುಖ ನೋಡಿ, ಒಂದೇ ಮೂಗು ಎಂದು ಗುರುತಿಸಿದವಳ ಹಾಗೆ ನಕ್ಕು, “ನಿಮ್ಮವರಾ ಮೇಡಂ? ಹೇಳಲೇ ಇಲ್ಲ!” ಎಂದಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮಧ್ಯಾಹ್ನ ನಿರ್ದೇಶಕರು ಕರೆಸಿದರು. ಕುರ್ಚಿ ತೋರಿಸಿ, ಕಾಫಿ ತರಿಸಿ, ತಾವೇ ಫ್ಯಾನಿನ ವೇಗ ಹೆಚ್ಚಿಸಿದರು. ಅವರ ಈ ಸೌಜನ್ಯ ಅವಳಿಗೆ ಯಾವಾಗಲೂ ಬೆದರಿಕೆಗಿಂತ ಭಾರ.

“ಸಂಬಂಧಿಕರ ಮಕ್ಕಳನ್ನ ಬೇರೆ ಪರೀಕ್ಷಕರಿಗೆ ಕೊಡಬೇಕು ಅನ್ನೋದು ನಿಮಗೆ ಗೊತ್ತಿರೋದೇ. ಮುಜುಗರ ಆಗಿರಬಹುದು, ಬಿಡಿ. ನಾನು ನಿಮ್ಮನ್ನ ಅನುಮಾನಿಸ್ತಿಲ್ಲ. ಈ ಒಂದು ಉತ್ತರ ಮಾತ್ರ...” ಎಂದು ಹಾಳೆಯ ಮೇಲೆ ಬೆರಳಿಟ್ಟರು. “‘ಅಲ್ಲೇ ನಿಂತ್ಕೋತೀನಿ.’ ಇದಕ್ಕೆ ಪೂರ್ತಿ ಕೊಟ್ಟಿದ್ದೀರಿ.”

“ಉತ್ತರ ಸರಿ ಇದೆ ಸಾರ್. ಕಳೆದುಹೋದ ಮಗು ನಿಂತಲ್ಲೇ ನಿಲ್ಲಬೇಕು. ನಿಮ್ಮ ಮಕ್ಕಳಿಗೆ ನೀವೂ ಅದನ್ನೇ ಹೇಳ್ಕೊಡಲ್ವಾ?”

ಅವರು ಕನ್ನಡಕ ತೆಗೆದರು. ಪ್ರಾಮಾಣಿಕ ಮನುಷ್ಯ. “ಹೇಳ್ಕೊಡ್ತೀನಿ” ಎಂದರು. ಕನ್ನಡಕದ ಗಾಜು ಒರೆಸುತ್ತ ಕೇಳಿದರು, “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದೇ ಉತ್ತರವನ್ನ ಬೇರೆ ಮಕ್ಕಳೂ ಹೇಳಿರಬೇಕಲ್ಲ?”

“ಹೇಳಿದ್ದಾರೆ.”

“ಅವರಿಗೆ ಎಷ್ಟು ಕೊಟ್ರಿ?”

ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ನೆಗಡಿಯಾದ ಒಂದು ಮಗು ಅಂಗಿಯ ತೋಳಿಗೆ ಮೂಗು ಒರೆಸುತ್ತ ಇದನ್ನೇ ಹೇಳಿತ್ತು. ಅಮ್ಮ ಸತ್ತ ಒಂದು ಹುಡುಗಿ, ‘ನಿಂತ್ಕೋತೀನಿ, ಚಿಕ್ಕಮ್ಮ ಬರ್ತಾಳೆ, ಬರದೇ ಇದ್ರೂ ನಿಂತ್ಕೋತೀನಿ’ ಎಂದಿತ್ತು. ಅದಕ್ಕೂ ದುಂಡಗೆ ಸೊನ್ನೆ ಬರೆದು, ಮುಂದಿನ ಪ್ರಶ್ನೆ ಓದಿದ್ದಳು. ಆಗ ಜನಜಂಗುಳಿ ಕಣ್ಣಿಗೆ ಕಟ್ಟಿರಲಿಲ್ಲ. ಹುಡುಕಿಕೊಂಡು ಬರುವವನು ಅಣ್ಣನಾಗಿರಲಿಲ್ಲ.

“ಪುಸ್ತಕದಲ್ಲಿ ಹಾಗೆ ಇತ್ತು ಸಾರ್.”

“ಇವತ್ತೂ ಅದೇ ಪುಸ್ತಕ ಅಲ್ವಾ?”

ನಿರ್ದೇಶಕರು ಗೆದ್ದವರ ಹಾಗೆ ಕಾಣಲಿಲ್ಲ. ಸುಸ್ತಾದವರ ಹಾಗೆ ಕಂಡರು. “ಇದು ಸರಿ ಅಂತ ನಾವು ತೀರ್ಮಾನ ಮಾಡಿದ್ರೆ ಹಳೇ ಹಾಳೆಗಳನ್ನೆಲ್ಲ ತೆಗೀಬೇಕು. ಬೇರೆ ಶಾಲೆಗೆ ಹೋಗಿ ಓದು ಮುಗಿಸಿ ಬಂದವರನ್ನೆಲ್ಲ ಕರೆದು, ‘ತಪ್ಪಾಯ್ತು, ನೀವು ದಡ್ಡರಲ್ಲ’ ಅನ್ನಬೇಕು. ಅವರಿಗೂ ಈಗ ಮಕ್ಕಳಿದ್ದಾರೆ. ಕರೆಯೋಣ್ವಾ, ಹೇಳಿ. ನೀವು ಬರೆದುಕೊಟ್ರೆ ನಾನು ಸಹಿ ಹಾಕಿ ಮೇಲಕ್ಕೆ ಕಳಿಸ್ತೀನಿ. ಆದ್ರೆ ನಿಮ್ಮ ಅಣ್ಣನ ಮಗಳ ಹಾಳೆಯಿಂದ ಶುರುವಾಯ್ತು ಅಂತ ಗೊತ್ತಾದ್ರೆ ಅದಕ್ಕೆ ಎಷ್ಟು ಬೆಲೆ ಬರುತ್ತೆ, ನೀವೇ ಯೋಚನೆ ಮಾಡಿ.” ಅವಳು ಯೋಚಿಸಿದಳು. ಮೇಲಿನವರು ಹಾಳೆ ತಿರುವಿ ಹಾಕಿ, ಓಹೋ, ಸೋದರತ್ತೆಯಾ, ಎನ್ನುವುದು ಕೇಳಿಸಿತು. ಇಷ್ಟು ದಿನ ತನ್ನನ್ನು ತೋರಿಸಿ ಪರೀಕ್ಷೆಯ ನ್ಯಾಯವನ್ನು ಸಾಬೀತು ಮಾಡುತ್ತಿದ್ದರು. ಇನ್ನು ತನ್ನನ್ನೇ ತೋರಿಸಿ ಅನ್ಯಾಯದ ಮಾತನ್ನು ನಗೆಪಾಟಲು ಮಾಡುತ್ತಾರೆ. “ಮಗುವನ್ನ ನಾಳೆ ಇನ್ನೊಬ್ಬರು ನೋಡಲಿ. ಪ್ರಶ್ನೆಗಳ ಎರಡನೇ ಕಟ್ಟು ಇದೆಯಲ್ಲ. ಅಷ್ಟೇ” ಎಂದರು ಅವರು. ಅವಳು “ಆಗಲಿ ಸಾರ್” ಎಂದಳು. ಬಾಗಿಲು ದಾಟಿದ ಮೇಲೆ, ಇಲ್ಲ ಎನ್ನಬಹುದಿತ್ತಲ್ಲ ಎಂದುಕೊಂಡಳು. ಇಲ್ಲ ಎಂದರೆ ಮುಂದಿನ ಮಾತು ಏನು ಎಂಬುದು ಮಾತ್ರ ಹೊಳೆಯಲಿಲ್ಲ.

ಮಾರನೆಯ ದಿನ ಅರಳು ಬಂದದ್ದು ಆಗಲೇ ಸೋತ ಮುಖದಲ್ಲಿ. ಇನ್ನೊಂದು ಸಲ ಕರೆದಿದ್ದಾರೆಂದರೆ ಮೊದಲನೆಯ ಸಲ ಏನೋ ತಪ್ಪಾಗಿದೆ ಎಂಬಷ್ಟನ್ನು ಅದು ತಾನಾಗಿಯೇ ಲೆಕ್ಕ ಹಾಕಿಕೊಂಡಿತ್ತು. ಕಿರಿಯ ಪರೀಕ್ಷಕಿ ಅದರ ಗಲ್ಲ ಹಿಡಿದು, ಪೆಪ್ಪರಮಿಂಟು ಕೊಟ್ಟು ಒಳಗೆ ಕರೆದುಕೊಂಡು ಹೋದಳು. ಇವಳು ಇವತ್ತು ಅಣ್ಣನ ಜೊತೆ ಹಜಾರದಲ್ಲೇ ನಿಂತಳು, ಎಲ್ಲರೂ ನೋಡಲಿ ಎಂದು. ಬಂದಿದ್ದು ತಡವಾದ ಧೈರ್ಯ, ಯಾರೂ ಅವಳತ್ತ ನೋಡಲಿಲ್ಲ.

“ಕೂತ್ಕೋ ಅಣ್ಣ.”

ಅವನು ಬೆಂಚಿನ ತುದಿಯಲ್ಲಿ ಕೂತ. “ನಿಂಗೆ ತೊಂದ್ರೆ ಆಯ್ತಾ?” ಎಂದ.

“ನಂಗೇನು ತೊಂದ್ರೆ?”

“ಅದು ಅತ್ತೆ ಅಂತ ಕೂಗ್ಬಿಡ್ತು. ದಾರಿಯುದ್ದಕ್ಕೂ ಹೇಳಿದ್ದೆ, ಮೇಡಂ ಅನ್ನು, ಮೇಡಂ ಅನ್ನು ಅಂತ.” ಅವನು ಮಾತುಗಳ ನಡುವೆ ಜಾಗ ಬಿಟ್ಟು ಬಿಟ್ಟು ಮಾತಾಡುತ್ತಿದ್ದ. ಮೊದಲಿನಿಂದ ಹೀಗೇ ಇದ್ದನೇ? ನಾಲೆಯ ಏರಿಯ ಮೇಲೆ ಓಡುತ್ತ ಓಡುತ್ತ ಒಂದೇ ಉಸಿರಿಗೆ ಸುಳ್ಳು ಕತೆ ಹೊಸೆಯುತ್ತಿದ್ದ ಒಬ್ಬ ಹುಡುಗನ ನೆನಪು ಅವಳಿಗಿತ್ತು. ಅದು ನಿಜವೋ, ತಾನೇ ಆಮೇಲೆ ಕಟ್ಟಿಕೊಂಡದ್ದೋ. ಎಲ್ಲರೂ ಅವನ ಹತ್ತಿರ ನಿಧಾನವಾಗಿ, ಬಿಡಿಸಿ ಬಿಡಿಸಿ, ಸ್ವಲ್ಪ ಜೋರಾಗಿ ಮಾತಾಡುತ್ತಿದ್ದರು. ಅಮ್ಮ ಕೂಡ. ತಾನು ಕೂಡ. ಹಾಗೆ ಮಾತಾಡಿಸಿಕೊಂಡು ಬೆಳೆದವನು ಬೇರೆ ಹೇಗೆ ಮಾತಾಡಿಯಾನು? ನೀರೆರೆದವರು ಯಾರು, ಬೀಜ ಯಾವುದು, ಈಗ ಯಾವ ಪರೀಕ್ಷೆಯೂ ಹೇಳಲಾರದು.

ಬಾಗಿಲು ತೆರೆದು ಕಿರಿಯಳು ಬಂದಳು. ಅವಳ ಕಣ್ಣಂಚು ಒದ್ದೆಯಾಗಿತ್ತು. “ಎಷ್ಟು ಪ್ರಯತ್ನ ಪಟ್ಟೆ ಮೇಡಂ. ಬಾಯೇ ಬಿಡಲಿಲ್ಲ. ಎಲ್ಲದಕ್ಕೂ ‘ಗೊತ್ತಿಲ್ಲ’ ಒಂದೇ.” ಹುಡುಗಿ ಹಿಂದೆಯೇ ಬಂದು ಅಪ್ಪನ ಅಂಗಿ ಹಿಡಿದುಕೊಂಡು ನಿಂತಿತು. ಒಂದು ಕೆನ್ನೆ ಪೆಪ್ಪರಮಿಂಟಿನಿಂದ ಉಬ್ಬಿತ್ತು. ಗೆರೆ ಈಗ ಎಷ್ಟು ಮೇಲೆ ಉಳಿದಿತ್ತೆಂದರೆ ಯಾರ ಕರುಣೆಗೂ ಅಲ್ಲಿಗೆ ಕೈ ಎಟುಕುತ್ತಿರಲಿಲ್ಲ. ‘ಗೊತ್ತಿಲ್ಲ’ ಎಂಬ ಉತ್ತರದಲ್ಲಿ ವಾದಿಸುವುದಕ್ಕೂ ಏನಿಲ್ಲ. ಮೊದಲ ಹಾಳೆಯನ್ನು ತಾನು ಪುಸ್ತಕದಂತೆ ತಿದ್ದಿ ಸುಮ್ಮನಿದ್ದಿದ್ದರೆ, ಗೆರೆಗಿಂತ ಸ್ವಲ್ಪವೇ ಕೆಳಗೆ ಉಳಿದ ಮಗುವಿಗೆ ವರ್ಷ ಬಿಟ್ಟು ಇನ್ನೊಂದು ಅವಕಾಶ ಸಿಗುತ್ತಿತ್ತು. ಆ ನಿಯಮವೂ ಪುಸ್ತಕದಲ್ಲೇ ಇತ್ತು. ಈಗ ಅದೂ ಇಲ್ಲ.

“ಅಣ್ಣಾ...” ಎಂದಳು. ಅವನೇ ಅವಳನ್ನು ಸಮಾಧಾನ ಮಾಡುವವನ ಹಾಗೆ ಕೈ ಆಡಿಸಿದ. “ಅಯ್ಯೋ, ಬಿಡೇ. ನನ್ನ ಮಗಳಲ್ವಾ, ನನ್ನ ಹಾಗೇ ಬಂದಿದೆ. ಅಲ್ಲೇನೂ ತೊಂದ್ರೆ ಇಲ್ಲ. ಒಳ್ಳೇ ಜಾಗ ಅದು.” ಮಗಳ ತಲೆ ಸವರುತ್ತ, ತನಗೆ ಗೊತ್ತಿರುವ ಒಂದು ದೊಡ್ಡ ಅನುಕೂಲವನ್ನು ಹಂಚಿಕೊಳ್ಳುವ ಹಾಗೆ ದನಿ ತಗ್ಗಿಸಿ, “ಅಲ್ಲಿ ಯಾರೂ ಏನೂ ಕೇಳಲ್ಲ” ಎಂದ.

ಅವರು ಮೆಟ್ಟಿಲಿಳಿದು ಹೋಗುವುದನ್ನು ನೋಡಲು ಅವಳಿಗೆ ಹೊತ್ತಿರಲಿಲ್ಲ. ಕೋಣೆಯಲ್ಲಿ ಮುಂದಿನ ಮಗು ಆಗಲೇ ಕೂತಿತ್ತು. ಅದೂ ನಾಲೆಯಾಚೆಯ ಹುಡುಗಿಯೇ, ಎರಡೂ ಮೊಣಕಾಲಿನಲ್ಲಿ ಒಣಗಿದ ಗಾಯದ ಹಕ್ಕಳೆ. ಅವಳು ಗಡಿಯಾರ ತಿರುಗಿಸಿಟ್ಟು, ಯಾವಾಗಲೂ ಹೇಳುವ ಹಾಗೆ ಹೆದರಬೇಡ ಎಂದು ಹೇಳಿ, ಶುರುಮಾಡಿದಳು. ಈ ಮಗು ಹೆದರಿರಲಿಲ್ಲ. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಕೊಡುತ್ತಿತ್ತು.

“ಮಳೆ ಬರುವ ಹಾಗಿದೆ. ಹೊರಗೆ ಹೋಗುವಾಗ ಏನು ತೆಗೆದುಕೊಂಡು ಹೋಗುತ್ತೀಯ?”

“ತಂಗೀನ.”

“ಏನು?”

“ತಂಗೀನ ಎತ್ಕೊಂಡು ಹೋಗ್ತೀನಿ. ನಮ್ಮನೆ ಸೋರುತ್ತೆ. ಬಿಟ್ಟು ಹೋದ್ರೆ ನೆನ್ಕೊಂಡ್ ಬಿಡ್ತಾಳೆ.”

ಅವಳ ಪೆನ್ನು ಹಾಳೆಯ ಮೇಲೆ ನಿಂತಿತು. ಇದು ಸರಿ. ನಿನ್ನೆ ಗೊತ್ತಾದ ಹಾಗೆಯೇ, ಅಷ್ಟೇ ಸ್ಪಷ್ಟವಾಗಿ ಗೊತ್ತಾಯಿತು. ಒಮ್ಮೆ ತೆರೆದ ಕಣ್ಣು ಮತ್ತೆ ಮುಚ್ಚುವುದಿಲ್ಲ, ಇನ್ನು ಬರುವ ಪ್ರತಿ ಮಗುವಿನ ಜೊತೆಗೂ ಹೀಗೇ ಗೊತ್ತಾಗುತ್ತ ಹೋಗುತ್ತದೆ ಎಂಬುದೂ ಗೊತ್ತಾಯಿತು. ಕೊಡಬಹುದು. ಆದರೆ ಇವಳಿಗೆ ಕೊಟ್ಟರೆ ಅರಳಿಗೆ ಯಾಕಿಲ್ಲ? ಸ್ವಂತ ಅಣ್ಣನ ಮಗಳಿಗೆ ದಕ್ಕದ್ದನ್ನು ಯಾರದೋ ಮಗುವಿಗೆ ಕೊಡುವುದೇ? ಅರಳಿಗೆ ಕೊಡುವಾಗ ಅಮ್ಮ ಸತ್ತ ಆ ಹುಡುಗಿ ಅಡ್ಡ ಬಂದಿದ್ದಳು. ಇವಳಿಗೆ ಕೊಡುವಾಗ ಅರಳು ಅಡ್ಡ ಬರುತ್ತಾಳೆ. ನಾಳೆ ಬರುವವರಿಗೆ ಇವಳೇ ಅಡ್ಡ. ಒಬ್ಬೊಬ್ಬರಿಗೂ ಹಿಂದಿನವರೇ ಗೋಡೆ. ಒಂದು ಮಗುವಿಗೆ ನ್ಯಾಯ ಮಾಡಬೇಕೆಂದರೆ ಮೊದಲನೆಯ ಮಗುವಿನಿಂದ ಮಾಡಬೇಕಿತ್ತು. ಆ ಮಗು ಯಾವುದು, ಅದರ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಹೋದಳು. ಬರಲಿಲ್ಲ.

ಸೊನ್ನೆ ಬರೆದಳು.

ಹುಡುಗಿ ಮೇಜಿನ ಮೇಲೆ ಬಗ್ಗಿ, ಕಣ್ಣು ಅರಳಿಸಿ, ಹಾಳೆಯ ಮೇಲಿನ ದುಂಡನೆಯ ಗುರುತನ್ನು ನೋಡಿ, “ಸರೀನಾ?” ಎಂದು ಕೇಳಿತು.

ಮಗು ಹಾಗೆ ಕೇಳಿದರೆ ಸರಿ ಎಂದೂ ಹೇಳಬಾರದು, ತಪ್ಪು ಎಂದೂ ಹೇಳಬಾರದು, ಇಷ್ಟೇ ಹೇಳಬೇಕು ಎಂದು ಕೈಪಿಡಿಯ ಮೊದಲ ಪುಟದಲ್ಲಿದೆ.

“ಚೆನ್ನಾಗಿ ಮಾಡ್ತಿದ್ದೀಯ” ಎಂದಳು. “ಮುಂದಿನದು ನೋಡೋಣ.”